ನೈವ್ ಬೇಯ್ಸ್: ಯಾವುದು ವಾಸಿ ಅನ್ನುವ ಮೊದಲು ಪದ ಸರಿಯಾಗಿ ಎಣಿಸಿ

ಒಂದೊಂದು ಪದವೂ ಸ್ಪ್ಯಾಮ್‌ನಲ್ಲಿ (ಬೇಡದ ಮೆಸೇಜ್‌ನಲ್ಲಿ) ಬರುವ ಸಾಧ್ಯತೆ ಎಷ್ಟು, ಉಳಿದವುಗಳಲ್ಲಿ ಎಷ್ಟು ಎಂದು ಲೆಕ್ಕ ಹಾಕಿ, ಅವನ್ನು ಗುಣಿಸಿ ಮೆಸೇಜ್ ಯಾವ ವರ್ಗದ್ದು ಎಂದು ಹೇಳುವ ವಿಧಾನ ನೈವ್ ಬೇಯ್ಸ್. ‘ನನ್ನ ಮಾಡೆಲ್ 87 ಪರ್ಸೆಂಟ್ ಸರಿ ಹೇಳುತ್ತೆ’ ಎಂದು ಖುಷಿಪಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲರ ಕೈಯಲ್ಲೂ ಅದೇ ಎಸ್‌ಎಂಎಸ್ ಸ್ಪ್ಯಾಮ್ ಡೇಟಾ. ಅದರ 5,574 ಮೆಸೇಜ್‌ಗಳಲ್ಲಿ ಸ್ಪ್ಯಾಮ್ ಬರೀ 747. ಕಣ್ಣುಮುಚ್ಚಿ ಎಲ್ಲಕ್ಕೂ ‘ಸ್ಪ್ಯಾಮ್ ಅಲ್ಲ’ ಅಂದರೂ 86.6 ಸಿಗುತ್ತದೆ! ಅಕ್ಯುರಸಿ ಬಿಡಿ. ಸ್ಪ್ಯಾಮ್‌ನ ಪ್ರಿಸಿಷನ್ (ಸ್ಪ್ಯಾಮ್ ಅಂದದ್ದರಲ್ಲಿ ನಿಜಕ್ಕೂ ಸ್ಪ್ಯಾಮ್ ಎಷ್ಟು), ರೀಕಾಲ್ (ಇದ್ದ ಸ್ಪ್ಯಾಮ್‌ನಲ್ಲಿ ಹಿಡಿದದ್ದೆಷ್ಟು) ನೋಡಿ.

ಮೊದಲು ಡೇಟಾದ ಐದನೇ ಒಂದು ಭಾಗವನ್ನು ಟೆಸ್ಟ್‌ಗೆಂದು ಎತ್ತಿಡಿ, ಉಳಿದದ್ದು ಮಾಡೆಲ್‌ನ ತರಬೇತಿಗೆ.

ಎರಡನೆಯದು ಪದಗಳನ್ನು ಬಿಡಿಸುವುದು. ಜನ ಎಡವುವುದು ಇಲ್ಲೇ. ಇಂಗ್ಲಿಷ್ ಮೆಸೇಜ್ ಆದರೆ ಪೈಥಾನ್‌ನ ಸೈಕಿಟ್-ಲರ್ನ್ ಲೈಬ್ರರಿಯಲ್ಲಿ ಪದ ಎಣಿಸುವ ಕೌಂಟ್ ವೆಕ್ಟರೈಸರ್ ಸಾಕು. ಕನ್ನಡ ಮೆಸೇಜ್ ಕೊಟ್ಟು ನೋಡಿ, ಅದು ಒತ್ತಕ್ಷರ, ಗುಣಿತದ ಗುರುತುಗಳನ್ನು ಅಕ್ಷರ ಅಂತಲೇ ಒಪ್ಪುವುದಿಲ್ಲ. ‘ಕನ್ನಡ’ ಹೋಗಿ ‘ಕನ’, ‘ನಡ’ ಎಂದು ಎರಡು ತುಂಡಾಗುತ್ತದೆ. ‘ಬಹುಮಾನ’ದಲ್ಲಿ ‘ಬಹ’ ಮಾತ್ರ ಉಳಿಯುತ್ತದೆ, ಒಂಟಿ ಅಕ್ಷರಗಳನ್ನು ಅದು ಎಸೆದುಬಿಡುತ್ತದೆ. ಎರರ್ ಕೂಡ ಬರುವುದಿಲ್ಲ! ಅದರ ಟೋಕನೈಸರ್ (ಪದ ಬಿಡಿಸುವ ಭಾಗ) ಜಾಗದಲ್ಲಿ ಪೈಥಾನ್‌ನ ಸ್ಪ್ಲಿಟ್ ಕೊಡಿ, ಖಾಲಿ ಜಾಗ ಇದ್ದಲ್ಲಿ ಮಾತ್ರ ಕತ್ತರಿಸುತ್ತದೆ. ಆಮೇಲೆ ಪದಪಟ್ಟಿಯ ಐವತ್ತು ಪದವನ್ನಾದರೂ ಕಣ್ಣಾರೆ ಓದಿ. ಇದಕ್ಕೆ ಶಾರ್ಟ್‌ಕಟ್ ಇಲ್ಲ.

ಇನ್ನು ಮಾಡೆಲ್‌ಗಳು, ಅಂದರೆ ನೈವ್ ಬೇಯ್ಸ್‌ನ ಬಗೆಗಳು. ಗಾಸಿಯನ್ ಅನ್ನು ಪಟ್ಟಿಗೇ ಸೇರಿಸಬೇಡಿ. ಅದು ಎತ್ತರ, ತೂಕದಂಥ ಅಳತೆಗಳಿಗೆ, ಬಹುಪಾಲು ಸೊನ್ನೆಯೇ ಇರುವ ಪದಗಳ ಲೆಕ್ಕಕ್ಕಲ್ಲ. ಮಲ್ಟಿನೋಮಿಯಲ್‌ಗೆ ಪದ ಎಷ್ಟು ಸಲ ಬಂತು ಅನ್ನುವುದು ಮುಖ್ಯ. ಬರ್ನೂಲಿಗೆ ಬಂತೋ ಇಲ್ಲವೋ ಅಷ್ಟೇ, ‘ಫ್ರೀ’ ಐದು ಸಲ ಬಂದರೂ ಒಂದೇ. ಆದರೆ ಬಾರದ ಪದವನ್ನೂ ಅದು ಸಾಕ್ಷಿ ಅಂತ ಹಿಡಿಯುತ್ತದೆ. ಚಿಕ್ಕ ಮೆಸೇಜ್‌ಗೆ ಮೊದಲು ಬರ್ನೂಲಿ, ಉದ್ದದ ಬರಹಕ್ಕೆ ಮಲ್ಟಿನೋಮಿಯಲ್ ಹಿಡಿಯುವುದು ನನ್ನ ರೂಢಿ. ವರ್ಗಗಳ ಪಾಲು ಏರುಪೇರಾದ ಡೇಟಾಕ್ಕೆಂದು 2003ರಲ್ಲಿ ಬಂದ ಕಾಂಪ್ಲಿಮೆಂಟ್ ಎಂಬ ಬಗೆಯಲ್ಲಿ ಪ್ರತಿ ವರ್ಗವನ್ನೂ ಉಳಿದ ವರ್ಗಗಳ ಪದಗಳಿಂದ ಅಳೆಯುತ್ತಾರೆ. ಇಲ್ಲಿರುವುದು ಎರಡೇ ವರ್ಗ ಅಲ್ವಾ? ಹಾಗಾಗಿ ಅದು ಸ್ಪ್ಯಾಮ್ ಕಡಿಮೆ ಎಂಬ ಮುನ್ನಂದಾಜನ್ನು ಕೈಬಿಟ್ಟ ಮಲ್ಟಿನೋಮಿಯಲ್ ಅಷ್ಟೇ. ಸುದ್ದಿಗಳನ್ನು ಹತ್ತಾರು ವಿಭಾಗಕ್ಕೆ ಹಂಚುವಾಗ ಬಳಸಿ.

ಕೊನೆಗೆ ಆಲ್ಫಾ. ಒಂದು ಪದ ಸ್ಪ್ಯಾಮ್‌ನಲ್ಲಿ ಒಮ್ಮೆಯೂ ಕಾಣದಿದ್ದರೆ ಅದರ ಸೊನ್ನೆ ಇಡೀ ಗುಣಾಕಾರವನ್ನೇ ನುಂಗುತ್ತದೆ. ಅದನ್ನು ತಡೆಯಲು ಪ್ರತಿ ಎಣಿಕೆಗೂ ಚೂರು ಸೇರಿಸುತ್ತೇವೆ, ಆ ಚೂರೇ ಆಲ್ಫಾ. ಸುಮ್ನೆ ಬಿಟ್ಟರೆ ಅದು 1. ನೀವು 0.1, 0.01 ಕೂಡ ಹಾಕಿ ನೋಡಿ, ತರಬೇತಿಯ ಭಾಗದಲ್ಲೇ. ಎತ್ತಿಟ್ಟ ಟೆಸ್ಟ್ ಭಾಗವನ್ನು ಅಲ್ಲಿಯವರೆಗೆ ಮುಟ್ಟಬೇಡಿ.