ದಾಸವಾಳ, ನಂದಿಬಟ್ಟಲ ಕಡ್ಡಿ ಕೊಳೆಯದೆ ಬೇರು ಬಿಡಬೇಕಾದರೆ

ಕಲಬುರಗಿ, ಯಾದಗಿರಿ ಕಡೆಯವರು ದಾಸವಾಳ, ನಂದಿಬಟ್ಟಲು, ಕಣಗಿಲೆ ಕಡ್ಡಿಗಳನ್ನು ನೇರವಾಗಿ ಎರಿ (ಕಪ್ಪು ಮಣ್ಣಿನ) ನೆಲಕ್ಕೆ ಚುಚ್ಚಬೇಡಿ. ಮಳೆ ಬಂದರೆ ಆ ಮಣ್ಣು ನೀರು ಹಿಡಿದುಕೊಂಡು ಕಡ್ಡಿಯ ಬುಡ ಕೊಳೆಯುತ್ತದೆ. ಒಣಗಿದರೆ ಬಿರುಕು ಬಿಟ್ಟು ಎಳೆ ಬೇರು ಹರಿಯುತ್ತದೆ. ಕುಂಡದಲ್ಲಿ ಒಂದು ಪಾಲು ಮಸಾರಿ (ಕೆಂಪು) ಮಣ್ಣು, ಎರಡು ಪಾಲು ತೊಳೆದ ಮರಳು ಸಾಕು. ಗೊಬ್ಬರ ಈಗಲೇ ಬೇಡ.

ನಮ್ಮ ಬೇಸಿಗೆಯಲ್ಲಿ ಈ ಕೆಲಸ ವ್ಯರ್ಥ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಮಾಡಿ. ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗುತ್ತಿರುವ, ಪೆನ್ಸಿಲ್ ದಪ್ಪದ ಟೊಂಗೆ ಆರಿಸಿ. 15–20 ಸೆಂ.ಮೀ. ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ತುದಿಯ ಎರಡು ಎಲೆ ಮಾತ್ರ ಉಳಿಸಿ, ಅವನ್ನೂ ಅರ್ಧ ಮಾಡಿ, ಮೊಗ್ಗಿದ್ದರೆ ತೆಗೆಯಲೇಬೇಕು. ಎರಡು ಗೆಣ್ಣು ಮಣ್ಣೊಳಗಿರಲಿ. ಕಣಗಿಲೆಯ ರಸ ವಿಷ. ಕೈ ತೊಳೆದುಕೊಳ್ಳಿ, ಕತ್ತರಿಸಿದ ಎಲೆ ಆಡು, ದನಗಳಿಗೆ ಸಿಗಬಾರದು.

ಚಿಗುರು ಕಂಡ ಕೂಡಲೇ ಕಡ್ಡಿ ಕಿತ್ತು ನೋಡುವವರು ಬಹಳ, ಅಲ್ಲೇ ಗಿಡ ಹಾಳಾಗುವುದು. ಮೊದಲ ಚಿಗುರು ಕಡ್ಡಿಯೊಳಗಿದ್ದ ಸತ್ವದಿಂದಲೇ ಬರುತ್ತದೆ, ಬೇರಿನ್ನೂ ಇರುವುದಿಲ್ಲ. 6–8 ವಾರ ನೆರಳಲ್ಲಿಟ್ಟು, ಮೇಲ್ಮಣ್ಣು ಆರಿದಾಗಷ್ಟೇ ನೀರು ಹಾಕಿ.

ದುಂಡುಮಲ್ಲಿಗೆಗೆ ಟೊಂಗೆ ಬಾಗಿಸಿ ಹೂಳುವುದೇ ಖಾತ್ರಿಯ ದಾರಿ. ಗೆಣ್ಣಿನ ಕೆಳಗೆ ತೊಗಟೆ ತುಸು ಕೆರೆದು ಮಣ್ಣು ಮುಚ್ಚಿ, ಮೇಲೊಂದು ಕಲ್ಲಿಡಿ. ಸುಮಾರು 3 ತಿಂಗಳಾದ ಮೇಲೆ ತಾಯಿಗಿಡದಿಂದ ಬೇರ್ಪಡಿಸಬಹುದು.