ಚೀಟಿ ದುಡ್ಡು, ಅರ್ಧಂಬರ್ಧ ಪ್ರಿಂಟು

"ಚೀಟಿ ಹಾಕಿ ಕಲಾವಿದರನ್ನ ಉದ್ಧಾರ ಮಾಡ್ತೀರೇನ್ರೀ?" ಎಂದು ನಕ್ಕವರೇ ಈಗ ಸೇರಿಸಿಕೊಳ್ಳಿ ಅಂತ ಫೋನ್ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಲವತ್ತು ದಾಟಿದ ಗ್ರಾಫಿಕ್ ಕಲಾವಿದನ, ಅಂದರೆ ಲೋಹದ ಪ್ಲೇಟು ಕೊರೆದು ಪ್ರಿಂಟು ತೆಗೆಯುವವನ, ಪಾಡು ನಿಮಗೆ ಗೊತ್ತೇ ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್ ಫೆಲೋಶಿಪ್, ತಿಂಗಳಿಗೆ 10,000, ನಲವತ್ತಕ್ಕೆ ಮುಗಿಯಿತು. ಆಮೇಲೆ ಸೀನಿಯರ್: ತಿಂಗಳಿಗೆ 20,000, ಎರಡು ವರ್ಷ. ಆದರೆ ಆ ಸಾಲಿನಲ್ಲಿ ನಮಗೆ ಪಾಠ ಹೇಳಿದ ಮೇಷ್ಟ್ರೂ ನಿಂತಿರುತ್ತಾರೆ.

ಅದಕ್ಕೇ ನಮ್ಮೊಳಗೇ ಚೀಟಿ ಹಾಕಿಕೊಂಡೆವು. ಗುಂಪು ಸೇರಿದಾಗ ಹನ್ನೊಂದೋ ಹನ್ನೆರಡೋ ಜನ ಇದ್ದೆವು, ಎಲ್ಲರೂ ನಡುವಯಸ್ಸಿನವರು. ತಲೆಗೆ ತಿಂಗಳಿಗೆ 3,000. ಹರಾಜಿಲ್ಲ, ಕಮಿಷನ್ ಇಲ್ಲ. ಚೀಟಿ ಎತ್ತಿದವರು ಮುಂದಿನ ಬೈಠಕ್‌ಗೆ ಅರ್ಧ ಆದ ಕೆಲಸ ತಂದು ಗೋಡೆಗೆ ಹಚ್ಚಿ, ಉಳಿದವರ ಟೀಕೆ ಕೇಳುತ್ತ ಬಾಯಿ ಮುಚ್ಚಿಕೊಂಡು ಕೂರಬೇಕು. ಮುಗಿದ ಕೆಲಸ ತಂದರೆ ವಾಪಸ್.

ಮೊದಲ ಸುತ್ತು ನೆಗೆದುಬಿತ್ತು. ಬೇಗ ಎತ್ತಿದ ಇಬ್ಬರು ಕಂತು ನಿಲ್ಲಿಸಿದರು. ಒಬ್ಬರು ಮಗಳ ಕಾಲೇಜು ಫೀಸು ಕಟ್ಟಿದ್ದರು, ಬೈಯಲೂ ಆಗಲಿಲ್ಲ. 50 ಸಾವಿರದ ಹತ್ತಿರ ಹೋಯಿತು. ಅದು ಹೋಗಲಿ, ಬೈಠಕ್‌ಗಳೇ ಹೊಗಳಿಕೆಯ ಸಭೆಗಳಾದವು; ಸರದಿ ಎಲ್ಲರ ಒಪ್ಪಿಗೆಯ ಮೇಲೆ ಸಿಗುತ್ತಿತ್ತಲ್ಲ, ಕಾಯುತ್ತಿದ್ದವರು ಯಾರೂ ಯಾರನ್ನೂ ನೋಯಿಸಲು ತಯಾರಿರಲಿಲ್ಲ. ಎರಡನೇ ಸುತ್ತಿನಿಂದ ದುಡ್ಡು ಕೈಗೆ ಕೊಡುವುದನ್ನೇ ಬಿಟ್ಟೆವು. ಅರ್ಧ ಕಾಗದ, ಇಂಕಿನ ಅಂಗಡಿಗೆ, ಅರ್ಧ ಪ್ರೆಸ್ ಬಾಡಿಗೆಗೆ ನೇರವಾಗಿ ಹೋಗುತ್ತದೆ. ಸರದಿ ಈಗ ಹೇಗೆ ಗೊತ್ತುಮಾಡುತ್ತೇವೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಸರದಿಯ ಜಗಳ ನಿಂತದ್ದೇ ಆ ಹೊಸ ಕ್ರಮದಿಂದ.

ನಡುವೆ ಒಂದು ಮೈಲುತುತ್ತದ (ತಾಮ್ರದ ಸಲ್ಫೇಟ್) ಹುಚ್ಚು. ಗುಂಪಿನಲ್ಲೊಬ್ಬರು ಶಿರಸಿ ಕಡೆಯವರು, ಅಡಿಕೆ ತೋಟ ಇದೆ. ಅಡಿಕೆಗೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ಔಷಧಿ, ಹೊಡೆದು ಉಳಿದ ಮೈಲುತುತ್ತ ತಂದು, ಪ್ಲೇಟು ಕಡಿಸಲು ನಾವು ಬಳಸುವ ನೈಟ್ರಿಕ್ ಆಸಿಡ್ ನೋಡಿ, "ನೈಟ್ರಿಕ್ ಹೊಗೆ ಯಾಕೆ ಕುಡೀತೆ ಮಾರಾಯ, ಇದಕ್ಕೆ ಅಡುಗೆ ಉಪ್ಪು ಸೇರಿಸಿ ನೋಡು" ಅಂದರು. ಆ ದ್ರಾವಣ ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಶೀಟನ್ನು ನೋಡನೋಡುತ್ತ ಕಡಿಯತೊಡಗಿತು. ಗೆರೆಯೊಳಗೆ ಕೆಂಪು ತಾಮ್ರದ ಕೆಸರು ಕಟ್ಟುತ್ತದೆ, ಮೆತ್ತನೆಯ ಬ್ರಷ್‌ನಲ್ಲಿ ಸರಿಸುತ್ತಲೇ ಇರಬೇಕು. ಏಳುವ ಗುಳ್ಳೆ ಹೈಡ್ರೋಜನ್. ಕಿಟಕಿ ತೆರೆದಿಡಿ, ಬೀಡಿ ಹೊರಗೆ. ದ್ರಾವಣ ಬಿಸಿಯೇರಿದರೆ ಗ್ರೌಂಡ್, ಅಂದರೆ ಕಡಿಯಬಾರದ ಕಡೆ ಬಳಿದ ಲೇಪ, ಎದ್ದುಬರುತ್ತದೆ, ನಮ್ಮ ಎರಡು ಮೂರು ಪ್ಲೇಟು ಹಾಗೇ ಹಾಳಾದವು. ಲೇಪವಿಲ್ಲದ ಬರಿ ಮೈಯ ಶೀಟಿಗೆ ಬಿಟ್ಟರೆ, ರಾಳದ ಪುಡಿ ಉದುರಿಸಿ ಛಾಯೆ ತರುವ ಅಕ್ವಾಟಿಂಟ್‌ನಂಥ ಕಾಳುಕಾಳು ಟೋನ್ ಆ ಪುಡಿಯಿಲ್ಲದೆಯೇ ಬರುತ್ತದೆ. ಉಪ್ಪು ಎಷ್ಟು ಅಂತ ಕೇಳಬೇಡಿ. ಮಿಕ್ಕಿದ್ದನ್ನು ಮೋರಿಗಂತೂ ಸುರಿಯಬೇಡಿ.

ಆ ಅಲ್ಯೂಮಿನಿಯಂ ಪ್ರಿಂಟನ್ನೇ ನಾನು ಬೈಠಕ್‌ನಲ್ಲಿ ಗೋಡೆಗೆ ಹಚ್ಚಿದಾಗ, "ಮೇಲಿನ ಭಾಗ ಸತ್ತಿದೆ" ಅಂದರು ಗುಂಪಿನವರು. ವಾರಗಟ್ಟಲೆ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೆ ಶೀಟನ್ನು ಕತ್ತರಿಸಿ ಮತ್ತೆ ಎಡಿಷನ್, ಅಂದರೆ ಒಂದೇ ಪ್ಲೇಟಿನ ಪ್ರತಿಗಳ ಕಂತೆ, ತೆಗೆದೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಒಂದಕ್ಕೆ 2,500ರಂತೆ ಸಂಜೆಯೊಳಗೆ ಹೆಚ್ಚುಕಡಿಮೆ ಎಲ್ಲ ಹೋದವು. ಪಕ್ಕದ ಸ್ಟಾಲಿನವರು ಎರಡೆರಡು ಸಲ ಬಂದು ನೋಡಿದರು. ಖರ್ಚು ಕಳೆದು 30 ಸಾವಿರದಷ್ಟು ಉಳಿಯಿತು.

ಧಾರವಾಡದ ಇಬ್ಬರು ಸೇರುತ್ತೇವೆ ಅಂದಿದ್ದಾರೆ. ದುಡ್ಡು ಆಮೇಲೆ, ಮೊದಲು ಒಂದೆರಡು ಬೈಠಕ್ ಕೂತು ಬೈಸಿಕೊಳ್ಳಿ ಎಂದು ಹೇಳಿ ಕಳಿಸಿದ್ದೇವೆ.