ಯಾರ ಬ್ರೋಕರ್ ಇವನು?

ಜುಲೈ ಮಳೆ ಹಿಡಿದಿತ್ತು. ಕೊಡಗಿನ ಅಮ್ಮತ್ತಿ ಹತ್ತಿರದ ಒಂದು ಕಾಫಿ ತೋಟದ ಲೆಕ್ಕ ಬರೆಯುವ ರೈಟರಣ್ಣ ಫೋನ್ ಮಾಡಿದರು. "ಮಾರಾಯ, ನಮ್ಮ ಕಂಪ್ಯೂಟರ್ ಒಳಗೆ ಯಾವನೋ ಬ್ರೋಕರ್ ಸೇರಿಕೊಂಡಿದ್ದಾನೆ. ರನ್‌ಟೈಮ್ ಬ್ರೋಕರ್ ಅಂತೆ. ಎಸ್‌ವಿಸಿಹೋಸ್ಟ್ ಅನ್ನೋದು ಬೇರೆ ಎಪ್ಪತ್ತು ಇದೆ, ಎಣಿಸಿದೆ. ಎಲ್ಲ ಎಂಡ್ ಟಾಸ್ಕ್ ಕೊಟ್ಟು ನಿಲ್ಲಿಸ್ಲಾ?"

"ಏನನ್ನೂ ಮುಟ್ಟಬೇಡಿ, ಬರ್ತೇನೆ" ಅಂದೆ. ಮಾರನೇ ದಿನ ಬಟವಾಡೆ, ಆಳುಗಳ ಹಾಜರಿ-ಸಂಬಳ ಬರೆದಿಡುವ ಚೆಕ್‌ರೋಲ್ ಫೈಲ್ ತೆರೆಯುತ್ತಿಲ್ಲ ಅನ್ನುವುದು ಅವರ ನಿಜವಾದ ಸಂಕಟ.

ಮುಟ್ಟಬೇಡಿ ಅಂದದ್ದಕ್ಕೆ ಕಾರಣವಿದೆ. ವಿರಾಜಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಶುರುಮಾಡಿದ ಹೊಸತರಲ್ಲಿ, ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ, ಗುರುತಿಲ್ಲದ ಹೆಸರೆಂದು ನಾನೇ ಒಂದು ಎಸ್‌ವಿಸಿಹೋಸ್ಟನ್ನು ಕೊಂದಿದ್ದೆ. 60 ಸೆಕೆಂಡಿನಲ್ಲಿ ಬಂದ್ ಆಗುತ್ತೇನೆ ಅಂತ ಕಂಪ್ಯೂಟರ್ ಎಣಿಸತೊಡಗಿತು. ಪಕ್ಕದಲ್ಲೇ ಗಿರಾಕಿ ನಿಂತಿದ್ದರು. ಆ ಒಂದು ನಿಮಿಷ ಇವತ್ತಿಗೂ ಮರೆತಿಲ್ಲ.

ಎಸ್‌ವಿಸಿಹೋಸ್ಟ್ ಅಂದರೆ ವಿಂಡೋಸಿನ ಸೇವೆಗಳನ್ನು ಹೊತ್ತು ನಡೆಸುವ ಹಮಾಲಿ. ಮೊದಲೆಲ್ಲ ಒಬ್ಬನ ಹೆಗಲ ಮೇಲೆ ಹತ್ತಾರು ಸೇವೆ ಇರುತ್ತಿದ್ದವು. 2017ರ ವಿಂಡೋಸ್ 10 ಅಪ್‌ಡೇಟ್ ಬಂದಮೇಲೆ, 3.5 ಜಿಬಿಗಿಂತ ಹೆಚ್ಚು ರ‍್ಯಾಮ್ ಇದ್ದರೆ ಹೆಚ್ಚುಕಡಿಮೆ ಸೇವೆಗೊಬ್ಬ ಹಮಾಲಿ. ಹಾಗಾಗಿ ಎಪ್ಪತ್ತು ಇದ್ದರೂ ಆಶ್ಚರ್ಯವಿಲ್ಲ. ರನ್‌ಟೈಮ್ ಬ್ರೋಕರ್ ಕೂಡ ವಿಂಡೋಸಿನವನೇ. ಸ್ಟೋರ್‌ನಿಂದ ಬಂದ ಆ್ಯಪ್‌ಗಳಿಗೆ ಕ್ಯಾಮೆರಾ, ಫೈಲು ಇತ್ಯಾದಿ ಮುಟ್ಟಲು ಅನುಮತಿ ಇದೆಯೇ ಎಂದು ನೋಡುವುದು ಅವನ ಕೆಲಸ. ಕಾಫಿ ರೇಟಿಗೂ ಅವನಿಗೂ ಸಂಬಂಧವಿಲ್ಲ.

ಆದರೆ ಹೆಸರು ನೋಡಿ ನಂಬುವ ಹಾಗಿಲ್ಲ. ವಿ, ಸಿ ಅಕ್ಷರಗಳನ್ನು ಅದಲುಬದಲು ಮಾಡಿಕೊಂಡು ಅದೇ ಹೆಸರಿನ ಹಾಗೆ ಕಾಣುವ ವೈರಸ್‌ಗಳು ಹಿಂದಿನಿಂದಲೂ ಇವೆ. ಆದ್ದರಿಂದ ನಾನು ಮೊದಲು ನೋಡುವುದು ಅದು ಎಲ್ಲಿ ವಾಸ ಅಂತ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಓಪನ್ ಫೈಲ್ ಲೊಕೇಶನ್ ಕೊಟ್ಟೆ. ಎಸ್‌ವಿಸಿಹೋಸ್ಟ್, ಬ್ರೋಕರ್ ಇಬ್ಬರೂ ಸಿ ಡ್ರೈವಿನ ಸಿಸ್ಟಮ್32 ಫೋಲ್ಡರಿನಲ್ಲೇ ಇದ್ದರು. ಇದೇ ಹೆಸರಿನವರು ಟೆಂಪ್ ಫೋಲ್ಡರಿನಲ್ಲಿ ಸಿಕ್ಕಿದ್ದರೆ ನನ್ನ ಮುಖ ಬೇರೆಯಾಗುತ್ತಿತ್ತು.

ಆಮೇಲೆ ಸಹಿ, ಅಂದರೆ ಫೈಲ್ ಯಾರದೆಂದು ಹೇಳುವ ಡಿಜಿಟಲ್ ಗುರುತು. ಇದಕ್ಕೆ ಪ್ರೊಸೆಸ್ ಎಕ್ಸ್‌ಪ್ಲೋರರ್ ಅನ್ನುವ ಟೂಲ್ ನನ್ನ ಪೆನ್‌ಡ್ರೈವಿನಲ್ಲಿ ಸದಾ ಇರುತ್ತದೆ. ಮಾರ್ಕ್ ರುಸಿನೋವಿಚ್ ಬರೆದದ್ದು, 2006ರಿಂದ ಮೈಕ್ರೋಸಾಫ್ಟಿನದೇ, ಉಚಿತ. ಅದರಲ್ಲಿ ವೆರಿಫೈ ಇಮೇಜ್ ಸಿಗ್ನೇಚರ್ಸ್ ಆನ್ ಮಾಡಿದರೆ ಪ್ರತಿಯೊಂದರ ಮುಂದೆ ಸಹಿ ಪಕ್ಕಾ ಇದೆಯೋ ಇಲ್ಲವೋ ಕಾಣುತ್ತದೆ. ಕೆಲವರು ಪ್ರಾಪರ್ಟೀಸಿಗೆ ಹೋಗಿ, ಡಿಜಿಟಲ್ ಸಿಗ್ನೇಚರ್ ಅನ್ನುವ ಟ್ಯಾಬೇ ಇಲ್ಲ ಎಂದು ಗಾಬರಿಯಾಗುತ್ತಾರೆ. ವಿಂಡೋಸಿನ ಎಷ್ಟೋ ಫೈಲುಗಳ ಸಹಿ ಕ್ಯಾಟಲಾಗ್ ಅನ್ನುವ ಬೇರೆ ಫೈಲಿನಲ್ಲಿ ಇರುತ್ತದೆ, ಫೈಲಿನೊಳಗೆ ಇರುವುದಿಲ್ಲ.

ಸಹಿ ಇಲ್ಲದ್ದು ಒಂದು ಸಿಕ್ಕಿತು: ಚೆರಿ ತೂಗುವ ಮಷೀನಿನ ಸಾಫ್ಟ್‌ವೇರ್. ಅದರ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ ತೆಗೆದು, ಹಲವು ಆ್ಯಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ತೋರಿಸುವ ವೈರಸ್‌ಟೋಟಲ್ ವೆಬ್‌ಸೈಟಿನಲ್ಲಿ ಹುಡುಕಿದೆ. ಎಪ್ಪತ್ತರಷ್ಟು ಆ್ಯಂಟಿವೈರಸ್‌ಗಳಲ್ಲಿ ಎರಡು ಕೆಂಪು ತೋರಿಸಿದವು. ಬಿಟ್ಟುಬಿಟ್ಟೆ. ಮಷೀನ್ ಮಾರಿದವರೇ ಕೊಟ್ಟ ಸಿಡಿಯಿಂದ ಹಾಕಿದ್ದು, ವರ್ಷಗಳಿಂದ ಅದೇ ಜಾಗದಲ್ಲಿದೆ, ನೆಟ್ಟಿಗೆ ಹೋಗುತ್ತಲೂ ಇಲ್ಲ. ಅಂದಹಾಗೆ, ಅಲ್ಲಿ ಹ್ಯಾಶ್ ಹಾಕಿ ಹುಡುಕಿ, ತೋಟದ ಲೆಕ್ಕದ ಫೈಲನ್ನು ಅಪ್‌ಲೋಡ್ ಮಾಡಬೇಡಿ. ಅಪ್‌ಲೋಡ್ ಆದದ್ದು ಬೇರೆ ಕಂಪನಿಗಳ ಕೈಗೂ ಹೋಗುತ್ತದೆ.

ಹಾಗಾದರೆ ಕಳ್ಳ ಯಾರು? ಡಬ್ಲ್ಯುಸ್ಕ್ರಿಪ್ಟ್ ಅನ್ನುವ ಒಂದು ಪ್ರೋಗ್ರಾಮ್ ಶೇಕಡ 25 ಸಿಪಿಯು ಹಿಡಿದು ಕೂತಿತ್ತು; ನಾಲ್ಕು ಕೋರುಗಳಲ್ಲಿ ಒಂದು ಪೂರ್ತಿ. ವಾಸ ಸಿಸ್ಟಮ್32, ಸಹಿ ಮೈಕ್ರೋಸಾಫ್ಟಿನದು. ನನ್ನ ಎರಡೂ ಪರೀಕ್ಷೆಯಲ್ಲಿ ಪಾಸ್! ಇಲ್ಲೇ ಎಷ್ಟೋ ಜನ ಕಂಪ್ಯೂಟರ್ ಹಳತಾಯಿತು ಅಂತ ಕೈಬಿಡುತ್ತಾರೆ. ಡಬ್ಲ್ಯುಸ್ಕ್ರಿಪ್ಟ್ ತಾನಾಗಿ ಏನೂ ಮಾಡುವುದಿಲ್ಲ, ಕೈಗೆ ಕೊಟ್ಟ ಚೀಟಿ ಓದಿ ಹೇಳಿದ್ದನ್ನು ಮಾಡುತ್ತದೆ. ಚೀಟಿ ಯಾವುದೆಂದು ನೋಡಬೇಕಾದರೆ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಟ್ಯಾಬಿನಲ್ಲಿ ಕಾಲಮ್ಮಿನ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸಿನಲ್ಲಿ ಕಮಾಂಡ್ ಲೈನ್ ಟಿಕ್ ಮಾಡಬೇಕು. ಮಾಡಿದೆ. ಆ್ಯಪ್‌ಡೇಟಾ ಒಳಗಿನ ರೋಮಿಂಗ್ ಫೋಲ್ಡರಿನಿಂದ, ಅರ್ಥವಿಲ್ಲದ ಅಕ್ಷರಗಳ ಹೆಸರಿನ ಒಂದು ವಿಬಿಎಸ್ ಫೈಲನ್ನು, ಅಂದರೆ ಆ ಚೀಟಿಯನ್ನು, ಅದು ಓಡಿಸುತ್ತಿತ್ತು.

"ರೈಟರಣ್ಣ, ಪೆನ್‌ಡ್ರೈವ್ ಎಲ್ಲಾದರೂ ಹಾಕಿದ್ರಾ?"

"ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಆಮೇಲೆ ಫೈಲೆಲ್ಲ ಶಾರ್ಟ್‌ಕಟ್ ಆಗಿಹೋಯ್ತು. ಎರಡು ಸಲ ಒತ್ತಿ ನೋಡಿದೆ."

ಆ ಎರಡು ಸಲದಲ್ಲೇ ಒಳಗೆ ಬಂದದ್ದು. ಮೊದಲು ನೆಟ್ ಕೇಬಲ್ ಕಿತ್ತೆ, ಪೆನ್‌ಡ್ರೈವ್ ತೆಗೆದಿಟ್ಟೆ. ಅದು ಚುಚ್ಚಿಕೊಂಡೇ ಇದ್ದರೆ ಈಚೆ ಅಳಿಸಿದ್ದು ಆಚೆಯಿಂದ ಮತ್ತೆ ಬರಬಹುದು. ಆಮೇಲಷ್ಟೇ ಎಂಡ್ ಟಾಸ್ಕ್. ವಿಬಿಎಸ್ ಫೈಲ್ ಅಳಿಸಿ, ಕಂಪ್ಯೂಟರ್ ಆನ್ ಆದಾಗ ತಾನಾಗಿ ಶುರುವಾಗುವುದನ್ನೆಲ್ಲ ತೋರಿಸುವ ಆಟೋರನ್ಸ್ ತೆರೆದರೆ ಸ್ಟಾರ್ಟಪ್ಪಿನಲ್ಲಿ ಇನ್ನೊಂದು ಪ್ರತಿ ಅಡಗಿತ್ತು. ಅದನ್ನೂ ತೆಗೆದು, ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಹಾಕಿದೆ. ವಿಂಡೋಸ್ ಏಳುವ ಮೊದಲೇ ಹುಡುಕುವುದರಿಂದ ಅಡಗಿಕೊಳ್ಳಲು ಜಾಗ ಕಡಿಮೆ. ಅರ್ಧ ಸ್ಕ್ಯಾನಿಗೆ ಕರೆಂಟ್ ಹೋಯಿತು. ಯುಪಿಎಸ್ ಕಿರುಚುತ್ತಿದ್ದ ಹಾಗೇ ಮುಗಿಯಿತು, ಪುಣ್ಯ.

ಕರೆಂಟ್ ಬಂದಮೇಲೆ ಪೆನ್‌ಡ್ರೈವ್ ಕೂಡ ಸ್ಕ್ಯಾನ್ ಮಾಡಿ, ಶಾರ್ಟ್‌ಕಟ್‌ಗಳನ್ನು ಅಳಿಸಿದೆ. ಅಸಲಿ ಫೈಲುಗಳು ಹೋಗಿರಲಿಲ್ಲ, ವೈರಸ್ ಬಚ್ಚಿಟ್ಟಿತ್ತು ಅಷ್ಟೆ. ಆಟ್ರಿಬ್ ಕಮಾಂಡ್ ಕೊಟ್ಟು ಹಿಡನ್, ಸಿಸ್ಟಮ್ ಗುರುತು ತೆಗೆದಾಗ ಜೂನ್ ತಿಂಗಳ ಚೆಕ್‌ರೋಲ್ ಹಾಗೇ ಎದ್ದುಬಂತು.

ವಾಪಸ್ ಬರುವಾಗ ಜೆರಾಕ್ಸ್ ಅಂಗಡಿಗೂ ಹೋಗಿ ವಿಷಯ ಹೇಳಿದೆ. "ನಮ್ಮಲ್ಲಿ ಏನೂ ಇಲ್ಲ ಸಾರ್, ಆ್ಯಂಟಿವೈರಸ್ ಇದೆ" ಅಂದರು. ಎಕ್ಸ್‌ಪೈರ್ ಆಗಿದೆ ಅನ್ನುವ ಕೆಂಪು ಪಟ್ಟಿ ಅವರ ಹಿಂದಿನ ಸ್ಕ್ರೀನಿನಲ್ಲಿ ಕಾಣುತ್ತಿತ್ತು. ಅದನ್ನು ಬೆರಳು ಮಾಡಿ ತೋರಿಸಿದೆ.